ಇನ್ಸುಲಿನ್ ಪಂಪ್ ಟಾರ್ಗೆಟ್ 100ಕ್ಕಿಂತ ಕೆಳಗೆ ಇಳಿಯಲ್ಲ, ಬಸುರಿಗೆ ಸಾಕಾ?

ಪ್ರಶ್ನೆ – ಬಾಗಲಕೋಟೆ
ಟೈಪ್ 1 ಶುಗರ್ ಇದೆ, ಈಗ ನಾಲ್ಕನೇ ತಿಂಗಳು. ಮಿನಿಮೆಡ್ 780ಜಿ ಪಂಪ್ ಆಟೋದಲ್ಲಿದೆ, ಅಂದರೆ ಸೆನ್ಸರ್ ತೋರಿಸೋ ಶುಗರ್ ನೋಡಿ ಅದೇ ಇನ್ಸುಲಿನ್ ಹೆಚ್ಚು ಕಡಿಮೆ ಮಾಡುತ್ತದೆ. ಬಸುರಿಯರಿಗೆ ಖಾಲಿ ಹೊಟ್ಟೆಯಲ್ಲಿ 95ರ ಒಳಗಿರಬೇಕು ಅಂತಾರೆ. ಇದು 100ಕ್ಕೇ ಹಟ ಹಿಡಿದು ಕೂತಿದೆ. ಮ್ಯಾನುವಲ್‌ಗೆ ಹೋಗಲಾ? ನಮ್ಮತ್ತೆಗೆ ಬೇರೆ ಚಿಂತೆ: "ಆ ಸೂಜಿ ಕೂಸಿಗೆ ಚುಚ್ಚಲ್ವಾ?"

ಉತ್ತರ – ವಿಜಯಪುರ
ತಂಗೀ, ಇದೇ ಪಂಪ್ ಹಾಕಿಕೊಂಡೇ ನಾನು ಹೆತ್ತಿದ್ದು. ರಾತ್ರಿಯಂತೂ ಆಟೋ ಆಫ್ ಮಾಡಬೇಡ. ಬೆಲ್ಜಿಯಂ, ನೆದರ್ಲೆಂಡ್ಸ್‌ನ 95 ಬಸುರಿಯರ ಮೇಲೆ ಇದೇ ಪಂಪ್‌ನ ಅಧ್ಯಯನ 2024ರಲ್ಲಿ ಬಂತು. ಇಡೀ ದಿನದ ಲೆಕ್ಕದಲ್ಲಿ ಶುಗರ್ 63ರಿಂದ 140ರೊಳಗೆ ಇರೋ ಹೊತ್ತು ಅಷ್ಟೇನೂ ಜಾಸ್ತಿ ಆಗಲಿಲ್ಲ. ರಾತ್ರಿ ಮಾತ್ರ ಚೆನ್ನಾಗಿತ್ತು, ಶುಗರ್ ತೀರಾ ಇಳಿದು ಲೋ ಆಗೋದೂ ಕಡಿಮೆ. ನನಗೂ ಹಾಗೇ ಆಯ್ತು.

ತೊಂದರೆ ಕೊಟ್ಟಿದ್ದು ಊಟ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ ತಿಂದರೆ ಗ್ರಾಫ್ ಮೆಲ್ಲಗೆ ಏರುತ್ತಿತ್ತು. ಬೆಳಿಗ್ಗೆ ಚುರುಮುರಿ ಸೂಸಲ ತಿಂದರೆ ನೇರ ಮೇಲಕ್ಕೆ! ಮಷೀನ್ ಏರಿದ್ದನ್ನು ನೋಡಿ ಆಮೇಲೆ ಓಡುತ್ತದೆ, ಅಷ್ಟರಲ್ಲಿ 180 ದಾಟಿರುತ್ತದೆ. ಊಟದ ಬೋಲಸ್, ಅಂದರೆ ಊಟಕ್ಕೆ ಬೇಕಾದ ಇನ್ಸುಲಿನ್ ಡೋಸ್, ನೀನೇ ಮುಂಚೆ ಕೊಡಬೇಕು. ನಾನು ಮೊದಮೊದಲು ಕಾಲು ಗಂಟೆ ಮುಂಚೆ ಕೊಡುತ್ತಿದ್ದೆ, ಏಳು ತುಂಬಿದ ಮೇಲೆ ಅರ್ಧ ಗಂಟೆ. ಐದನೇ ತಿಂಗಳಿಂದ ಇನ್ಸುಲಿನ್ ಏರುತ್ತಾ ಹೋಗುತ್ತದೆ, ಕೊನೆಗೆ ದುಪ್ಪಟ್ಟೂ ಆಗಬಹುದು. ಹೆದರಬೇಡ. ಕಾರ್ಬ್ ರೇಶಿಯೋ (ಒಂದು ಯೂನಿಟ್ ಇನ್ಸುಲಿನ್‌ಗೆ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಅನ್ನೋ ಲೆಕ್ಕ) ಡಾಕ್ಟರ್ ಹತ್ತಿರ ಆಗಾಗ ಬದಲಿಸಿಕೋ. ಆಕ್ಟಿವ್ ಇನ್ಸುಲಿನ್ ಟೈಮ್ (ಕೊಟ್ಟ ಬೋಲಸ್ ಎಷ್ಟು ಹೊತ್ತು ಕೆಲಸ ಮಾಡುತ್ತದೆ ಅಂತ ಪಂಪ್ ಲೆಕ್ಕ ಹಿಡಿಯೋ ಸೆಟ್ಟಿಂಗ್) 2 ಗಂಟೆಗೆ ಇದೆಯಾ ಅಂತಲೂ ಕೇಳು.

ಅತ್ತೆಗೆ ಹೇಳು, ಸೂಜಿ ಒಳಗೆ ಉಳಿಯಲ್ಲ. ಮೆತ್ತನೆಯ ಸಣ್ಣ ನಳಿಕೆ ಅಷ್ಟೇ, ಚರ್ಮದ ಕೆಳಗಿನ ಕೊಬ್ಬಲ್ಲೇ ನಿಲ್ಲುತ್ತದೆ. ಹೊಟ್ಟೆ ಬಿಗಿಯಾದ ಮೇಲೆ ನಾನು ತೊಡೆಗೆ ಹಾಕಿಕೊಂಡೆ. ನಮ್ಮ ಮೇ ತಿಂಗಳ ಬೆವರಿಗೆ ಸೆನ್ಸರ್ ಪಟ್ಟಿ ಕಿತ್ತು ಬರುತ್ತಿತ್ತು, ಮೇಲೊಂದು ಟೇಪ್ ಬೇಕೇ ಬೇಕು.

ಇದೊಂದು ಮರೆಯಬೇಡ: ನಳಿಕೆ ಕಟ್ಟಿಕೊಂಡರೆ ಬಸುರಿಗೆ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರೋ ಆಮ್ಲ) ಬೇಗ ಏರುತ್ತದೆ, ಶುಗರ್ ತೀರಾ ಜಾಸ್ತಿ ಇಲ್ಲದಿದ್ದರೂ. ಇನ್ಸುಲಿನ್ ಪೆನ್, ಕೀಟೋನ್ ಸ್ಟ್ರಿಪ್ ಕೈಯಳತೆಯಲ್ಲಿರಲಿ. ಬೋಲಸ್ ಕೊಟ್ಟರೂ ಇಳಿಯದಿದ್ದರೆ ಪೆನ್ನಿಂದ ಇನ್ಸುಲಿನ್ ತಗೊಂಡು ನಳಿಕೆಯ ಸೆಟ್ ಬದಲಿಸು. ವಾಂತಿಯೂ ಇದ್ದರೆ ಸೀದಾ ಆಸ್ಪತ್ರೆ.

ಉತ್ತರ – ಬೆಳಗಾವಿ
ಅಕ್ಕ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಮಾಸ ಬಿದ್ದ ಕೂಡಲೇ ಇನ್ಸುಲಿನ್ ಬೇಡಿಕೆ ಧಡಕ್ಕನೆ ಇಳಿಯುತ್ತದೆ. ಹೆರಿಗೆ ನಂತರದ ಸೆಟ್ಟಿಂಗ್ ಡಾಕ್ಟರಿಂದ ಮೊದಲೇ ಬರೆಸಿಕೊಂಡು ಫೈಲಲ್ಲಿಡಿ. ನಮ್ಮ ವಾರ್ಡ್ ಸಿಸ್ಟರ್ ಪಂಪ್ ಅನ್ನೇ ನೋಡಿರಲಿಲ್ಲ! ಗಂಡನಿಗೂ ಗುಂಡಿ ಒತ್ತೋದು ಕಲಿಸಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಅಕ್ಕಾ. ಸೋಮವಾರ ಡಾಕ್ಟರ್ ಹತ್ತಿರ ರೇಶಿಯೋ ಕೇಳ್ತೀನಿ. ಕುಬಸದ ದಿನ ಹೋಳಿಗೆಗೆ ಎಷ್ಟು ಕಾರ್ಬ್ ಹಾಕಿದಿರಿ?