ಸ್ಪೈನಲ್ ಕೊಟ್ಟ ಮೇಲೆ ಬಿಪಿ ‘ಕಡಿಮೆ’ಯೋ, ‘ಇಳಿತ’ವೋ?

ಮೊದಲೇ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿಸಿಕೊಳ್ಳುವ ಗರ್ಭಿಣಿಯರಿಗಾಗಿ ಒಂದು ಮಾಹಿತಿ ಪತ್ರ ಬರೆಯುತ್ತಿದ್ದೇನೆ. ಸ್ಪೈನಲ್ ಅನಸ್ತೇಸಿಯಾ, ಅಂದರೆ ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಇಂಜೆಕ್ಷನ್, ಕೊಟ್ಟ ಕೆಲವೇ ನಿಮಿಷಗಳಲ್ಲಿ ತಾಯಿಯ ರಕ್ತದೊತ್ತಡ ಇಳಿಯಬಹುದು ಎಂಬುದನ್ನು ಅದರಲ್ಲಿ ಹೇಳಲೇಬೇಕು. ‘ಕಡಿಮೆ ರಕ್ತದೊತ್ತಡ’, ‘ರಕ್ತದೊತ್ತಡ ಕುಸಿತ’, ‘ಲೋ ಬಿಪಿ’ ಮೂರೂ ಬಳಕೆಯಲ್ಲಿವೆ. ಮೂರರ ಬಗ್ಗೆಯೂ ನನಗೆ ತಕರಾರಿದೆ, ಬಲ್ಲವರು ದಾರಿ ತೋರಿಸಬೇಕು.

ಆಡುಮಾತಿನಲ್ಲಿ ‘ಅವರಿಗೆ ಬಿಪಿ ಇದೆ’ ಎಂದರೆ ಹೆಚ್ಚಿದೆ ಎಂದೇ ಅರ್ಥ. ಹಾಗಿರುವಾಗ ‘ಬಿಪಿ ಕಡಿಮೆಯಾಗುತ್ತದೆ’ ಎಂದು ಬರೆದರೆ, ಬಿಪಿ ಮಾತ್ರೆ ನುಂಗುತ್ತಿರುವ ಗರ್ಭಿಣಿ ಒಳ್ಳೆಯದೇ ಆಯಿತು ಅಂದುಕೊಂಡಾಳು. ‘ಲೋ ಬಿಪಿ’ ಸದಾ ಕಾಡುವ ಕಾಯಿಲೆಯ ಹೆಸರಿನಂತೆ ಕೇಳಿಸುತ್ತದೆ. ‘ಕುಸಿತ’ ಓದಿದರೆ ಎದೆ ಧಸಕ್ಕೆನ್ನುತ್ತದೆ.

ನಡೆಯುವುದೇನೆಂದರೆ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರಿದ ಔಷಧ ನೋವಿನ ನರಗಳ ಜೊತೆಗೆ ರಕ್ತನಾಳಗಳನ್ನು ಬಿಗಿಯಾಗಿಡುವ ಸಿಂಪಥೆಟಿಕ್ ನರಗಳನ್ನೂ ತಡೆಯುತ್ತದೆ. ನಾಳಗಳು ಸಡಿಲವಾಗಿ ಒತ್ತಡ ಇಳಿಯುತ್ತದೆ. ಅಂಗಾತ ಮಲಗಿದಾಗ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳದ ಮೇಲೆ ಬೀಳುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ತಾಯಿಗೆ ಹೊಟ್ಟೆ ತೊಳಸುತ್ತದೆ, ತಲೆ ಸುತ್ತುತ್ತದೆ. ಇಳಿತ ಜೋರಾಗಿದ್ದು ಹೆಚ್ಚು ಹೊತ್ತು ನಿಂತರೆ ಮಗುವಿಗೆ ಸಿಗುವ ಆಮ್ಲಜನಕವೂ ತಗ್ಗುತ್ತದೆ. ಅದಕ್ಕೇ ಡ್ರಿಪ್ ಓಡಿಸುತ್ತಾರೆ, ನಾಳಗಳನ್ನು ಮತ್ತೆ ಬಿಗಿಗೊಳಿಸುವ ಫಿನೈಲೆಫ್ರಿನ್‌ನಂಥ ಔಷಧ ಕೊಡುತ್ತಾರೆ, ತಾಯಿಯನ್ನು ತುಸು ಎಡಕ್ಕೆ ವಾಲಿಸಿ ಮಲಗಿಸುತ್ತಾರೆ.

ಪದದ ಆಯ್ಕೆಗೆ ಮುಖ್ಯವಾದದ್ದು ಅಳತೆ. 2018ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಸಲಹೆಯಂತೆ ಮೇಲಿನ ಬಿಪಿಯನ್ನು (ಎರಡು ಅಂಕಿಗಳಲ್ಲಿ ದೊಡ್ಡದನ್ನು) ಆಕೆಯದೇ ಮೊದಲಿನ ಅಂಕಿಯ ಶೇ. 90ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು, ಶೇ. 80ಕ್ಕಿಂತ ಕೆಳಗಂತೂ ಹೋಗಬಾರದು. ಮೊದಲು 150 ಇದ್ದಾಕೆಗೆ 115 ಆಯಿತೆನ್ನಿ. ಅಂಕಿ ನೋಡಿದರೆ ಯಾರೂ ಅದನ್ನು ‘ಕಡಿಮೆ’ ಎನ್ನರು. ಆದರೆ ಆಕೆಯ ಮಟ್ಟಿಗೆ ಅದು ತಕ್ಷಣ ಸರಿಪಡಿಸಬೇಕಾದ ಇಳಿತ. ಹಾಗಾಗಿ ‘ಕಡಿಮೆ ರಕ್ತದೊತ್ತಡ’ ಇಲ್ಲಿ ಬರಿಯ ಒರಟು ಅನುವಾದವಲ್ಲ, ವಿಷಯಕ್ಕೇ ಹೊಂದುವುದಿಲ್ಲ. ನನ್ನ ಒಲವು ‘ರಕ್ತದೊತ್ತಡದ ಇಳಿತ’ದ ಕಡೆಗೆ. ‘ಇಳಿಕೆ’ ಬೆಲೆಗೆ, ತೂಕಕ್ಕೆ ಒಗ್ಗಿಹೋಗಿದೆ. ‘ಏರಿಳಿತ’ದಲ್ಲಿರುವ ‘ಇಳಿತ’ಕ್ಕೆ ಮತ್ತೆ ಏರುವ ಭರವಸೆಯೂ ಇದೆ. ಆದರೆ ನಿಮಿಷಗಳಲ್ಲೇ ಆಗುವ ಇಳಿತ ಎಂಬ ವೇಗ ಅದರಲ್ಲಿ ಬರುತ್ತದೆಯೇ? ‘ದಿಢೀರ್ ಇಳಿತ’ ಎಂದರೆ ಮತ್ತೆ ಹೆದರಿಸಿದಂತಾಗದೇ?

ಜೊತೆಗೇ ಇನ್ನೊಂದು. ಸ್ಪೈನಲ್ ಅನಸ್ತೇಸಿಯಾವನ್ನು ‘ಬೆನ್ನುಹುರಿ ಅರಿವಳಿಕೆ’ ಎಂದು ಬರೆದರೆ, ಓದಿದವರು ಸೂಜಿ ಹುರಿಗೇ ಚುಚ್ಚುತ್ತದೆ, ಎಚ್ಚರ ತಪ್ಪುತ್ತದೆ ಎಂದುಕೊಳ್ಳುತ್ತಾರೆ. ವಯಸ್ಕರಲ್ಲಿ ಹುರಿ ಸಾಮಾನ್ಯವಾಗಿ ಸೊಂಟದ ಒಂದನೇ, ಎರಡನೇ ಮೂಳೆಗಳ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕೂ ಕೆಳಗೆ. ತಾಯಿ ಎಚ್ಚರವಾಗಿದ್ದು ಮಗುವಿನ ಮೊದಲ ಅಳು ಕೇಳುತ್ತಾಳೆ. ‘ಸೊಂಟದ ಕೆಳಗೆ ಮರಗಟ್ಟಿಸುವುದು’ ಎನ್ನೋಣವೆಂದರೆ, ಸಿಸೇರಿಯನ್‌ಗೆ ಎದೆಯ ಮಟ್ಟದವರೆಗೂ ನೋವು ಗೊತ್ತಾಗದಂತೆ ಮಾಡಬೇಕಾಗುತ್ತದೆ. ಒಳಗೆ ಎಳೆದಂತೆ, ಒತ್ತಿದಂತೆ ಅನ್ನಿಸುವುದು ಮಾತ್ರ ಪೂರ್ತಿ ಹೋಗುವುದಿಲ್ಲ. ಅದು ತಾಯಂದಿರಿಗೆ ಮೊದಲೇ ತಿಳಿದಿರಬೇಕು. ಸದ್ಯಕ್ಕೆ ‘ಬೆನ್ನಿಗೆ ಕೊಡುವ ನೋವುತಡೆ ಇಂಜೆಕ್ಷನ್’ ಎಂದು ಬರೆದಿದ್ದೇನೆ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರು ಇದ್ದರೆ, ತಾಯಂದಿರಿಗೆ ಈ ಎರಡನ್ನೂ ನೀವು ಯಾವ ಮಾತಿನಲ್ಲಿ ಹೇಳುತ್ತೀರಿ?