ಗುಲ್ಮ (ಸ್ಪ್ಲೀನ್) ತೆಗೆದ ಮೇಲೆ ಏನೇನು ಜಾಗ್ರತೆ ಬೇಕು? ಅನುಭವ ಇದ್ದವರು ಹೇಳಿ

ನಾವು ತೀರ್ಥಹಳ್ಳಿ ಕಡೆಯವರು. ಅಡಿಕೆ ಗೊನೆ ತೆಗೆಯುವಾಗ ನನ್ನ ತಮ್ಮ ಮರದಿಂದ ಬಿದ್ದ. ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಶಿವಮೊಗ್ಗದಲ್ಲಿ ರಾತ್ರಿಯೇ ಆಪರೇಷನ್ ಮಾಡಿ ತೆಗೆದರು. ಈಗ ಮನೆಗೆ ಬಂದಿದ್ದಾನೆ. "ಒಂದು ಅಂಗವೇ ಇಲ್ದೆ ಹುಡುಗ ಹೆಂಗೆ ಬದುಕ್ತಾನೆ" ಅಂತ ಅಮ್ಮನಿಗೆ ಒಂದೇ ಚಿಂತೆ. ಊಟ, ಕೆಲಸ, ಔಷಧಿ ಬಗ್ಗೆ ಗೊತ್ತಿದ್ದವರು ತಿಳಿಸಿ.

ಸಾಗರದಿಂದ: ಅಮ್ಮನಿಗೆ ಧೈರ್ಯ ಹೇಳಿ. ಬೈಕ್ ಅಪಘಾತದಲ್ಲಿ ನಮ್ಮ ಯಜಮಾನರ ಗುಲ್ಮ ತೆಗೆದು ವರ್ಷಗಳಾದವು. ತೋಟ, ಗದ್ದೆ ಎಲ್ಲ ಅವರೇ ನೋಡ್ಕೊಳ್ತಾರೆ. ಊಟಕ್ಕೆ ಪಥ್ಯ ಇಲ್ಲ. ಗಾಯ ಗಟ್ಟಿಯಾಗುವವರೆಗೆ ಭಾರ ಎತ್ತಬೇಡಿ ಅಂದಿದ್ದರು, ಅಷ್ಟೇ. ಆದರೆ ಜ್ವರ ಬಂದರೆ ಮಾತ್ರ ಕಷಾಯ ಕುಡಿದು ಬೆಳಗ್ಗೆ ನೋಡೋಣ ಅನ್ನೋ ಹಾಗಿಲ್ಲ. ಚಳಿ, ನಡುಕ ಬಂದರೆ ಡಾಕ್ಟರ್ ಮೊದಲೇ ಬರೆದುಕೊಟ್ಟ ಆಂಟಿಬಯೋಟಿಕ್ ಮನೆಯಲ್ಲೇ ಒಂದು ಡೋಸ್ ಕೊಟ್ಟು ಆಸ್ಪತ್ರೆಗೆ ಹೊರಡ್ತೀವಿ. ನಮ್ಮ ಕಡೆ ಬಸ್ಸು, ನೆಟ್‌ವರ್ಕ್ ಎರಡನ್ನೂ ನಂಬೋಕಾಗಲ್ವಲ್ಲ. "ಗುಲ್ಮ ತೆಗೆಯಲಾಗಿದೆ" ಅಂತ ಬರೆದ ಚೀಟಿ ಮಳೆಗೆ ನೆನೆಯದ ಹಾಗೆ ಲ್ಯಾಮಿನೇಟ್ ಮಾಡಿಸಿ ಅವರ ಪರ್ಸಿನಲ್ಲೇ ಇಟ್ಟಿದೀನಿ.

ಶಿವಮೊಗ್ಗದಿಂದ, ನಾನು ನರ್ಸ್: ಸಾಗರದ ಅಕ್ಕ ಹೇಳಿದ್ದಕ್ಕೆ ಕಾರಣ ಹೇಳ್ತೀನಿ. ಗುಲ್ಮ ಇರೋದು ಎಡಗಡೆ ಪಕ್ಕೆಲುಬಿನ ಅಡಿ, ಒಂಬತ್ತರಿಂದ ಹನ್ನೊಂದನೇ ಎಲುಬಿನ ಮರೆಯಲ್ಲಿ. ತೂಕ ಸುಮಾರು 150 ಗ್ರಾಂ. ಅದರೊಳಗಿನ ಸಣ್ಣ ಸೀಳುಗಳಲ್ಲಿ ಕೆಂಪು ರಕ್ತಕಣಗಳು ನುಸುಳಿ ಬರಬೇಕು. ಸುಮಾರು 120 ದಿನ ಬಾಳಿ ಗಡುಸಾದ ಕಣಗಳು ಅಲ್ಲೇ ಸಿಕ್ಕಿಬೀಳ್ತವೆ. ಅವುಗಳ ಕಬ್ಬಿಣಾಂಶ ಮತ್ತೆ ಎಲುಬಿನ ಮಜ್ಜೆಗೆ ಹೋಗುತ್ತೆ. ಗುಲ್ಮ ಇಲ್ಲದಿದ್ದರೆ ಈ ಕೆಲಸವನ್ನು ಹೆಚ್ಚಾಗಿ ಯಕೃತ್ತು ವಹಿಸಿಕೊಳ್ಳುತ್ತೆ. ಆದರೆ ನ್ಯುಮೋಕಾಕಸ್‌ನಂಥ, ಮೇಲೆ ಕವಚ ಇರುವ ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ಸೋಸೋದರಲ್ಲಿ ಗುಲ್ಮಕ್ಕೆ ಸರಿಸಾಟಿ ಇಲ್ಲ. ಅವು ನೆತ್ತರಿಗೆ ಹೊಕ್ಕರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೇ ಅಪಾಯ. ಅದಕ್ಕೇ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಅನ್ನೋ ಮೂರು ಬ್ಯಾಕ್ಟೀರಿಯಾಗಳ ವಿರುದ್ಧ ಲಸಿಕೆ ಬೇಕು. ತುರ್ತು ಆಪರೇಷನ್ ಆದವರಿಗೆ ಸಾಮಾನ್ಯವಾಗಿ 2 ವಾರದ ಹೊತ್ತಿಗೆ ಶುರು ಮಾಡ್ತಾರೆ. ಫ್ಲೂ ಲಸಿಕೆ ಪ್ರತಿವರ್ಷ. ಡಿಸ್ಚಾರ್ಜ್ ಚೀಟಿಯಲ್ಲಿ ಇವು ಇವೆಯಾ ಅಂತ ಇವತ್ತೇ ನೋಡಿ, ಇಲ್ಲದಿದ್ದರೆ ಕೇಳಿ ಹಾಕಿಸಿ. ಇನ್ನೊಂದು, ಪ್ಲೇಟ್‌ಲೆಟ್‌ಗಳಲ್ಲಿ ಮೂರನೇ ಒಂದು ಭಾಗ ಗುಲ್ಮದಲ್ಲಿ ಇರ್ತಿತ್ತು, ಹಾಗಾಗಿ ರಿಪೋರ್ಟಿನಲ್ಲಿ ಸಂಖ್ಯೆ ಏರಿರುತ್ತೆ. ಗಾಬರಿ ಬೇಡ, ಡಾಕ್ಟರಿಗೆ ತೋರಿಸಿ.

ಹೊಸನಗರದಿಂದ: ನನ್ನ ಗುಲ್ಮಕ್ಕೂ ಪೆಟ್ಟಾಗಿತ್ತು, ಆದರೆ ತೆಗೆಯಲಿಲ್ಲ. ಸ್ಕ್ಯಾನ್ ಮಾಡಿ, ಅಡ್ಮಿಟ್ ಮಾಡಿಕೊಂಡು ಬಿಪಿ, ಹಿಮೋಗ್ಲೋಬಿನ್ ನೋಡ್ತಾ ಮಲಗಿಸಿದ್ದರು, ತಾನಾಗೇ ಕೂಡಿಕೊಂಡಿತು. ಮರ ಹತ್ತುವವರಿಗೆ ಒಂದು ಮಾತು. ಬಿದ್ದಾಗ ನನಗೆ ಹೊಟ್ಟೆಗಿಂತ ಎಡ ಭುಜವೇ ನೋಯ್ತಿತ್ತು. ಒಳಗೆ ರಕ್ತ ಸೋರಿ ವಪೆಗೆ (ಎದೆ, ಹೊಟ್ಟೆ ನಡುವಿನ ಪದರಕ್ಕೆ) ತಾಗಿದರೆ ನೋವು ಭುಜದಲ್ಲಿ ಕಾಣುತ್ತಂತೆ. ಉಳುಕು ಅಂತ ಎಣ್ಣೆ ತಿಕ್ಕಿಸಿಕೊಂಡು ಮನೆಯಲ್ಲಿ ಕೂರಬೇಡಿ.

ಸೊರಬದಿಂದ: ನಮ್ಮಜ್ಜಿ ಕಾಲದಲ್ಲಿ ಮಲೇರಿಯಾದಿಂದ ಗುಲ್ಮ ಊದಿದ್ದಕ್ಕೆ ಜ್ವರಗಡ್ಡೆ ಅಂತಿದ್ರು. ಈಗ ನಮ್ಮ ಕಡೆ ಬೇಸಿಗೆ ಜ್ವರ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಮಂಗನ ಕಾಯಿಲೆ. 1957ರಲ್ಲಿ ಇಲ್ಲೇ ಕ್ಯಾಸನೂರು ಕಾಡಲ್ಲಿ ಗುರುತಿಸಿದ್ದಲ್ವಾ. ಆ ಪರೀಕ್ಷೆ ಆಗಲಿ, ಆದರೆ ಅದರ ರಿಪೋರ್ಟ್ ಬರಲಿ ಅಂತ ನಿಮ್ಮ ತಮ್ಮನ ಆಂಟಿಬಯೋಟಿಕ್ ತಡ ಆಗಬಾರದು. ಆಸ್ಪತ್ರೆ ಬಾಗಿಲಲ್ಲೇ "ಇವನಿಗೆ ಗುಲ್ಮ ಇಲ್ಲ" ಅನ್ನಿ. ನಾಯಿ ಕಚ್ಚಿದರೂ ಅಷ್ಟೇ, ರೇಬಿಸ್ ಇಂಜೆಕ್ಷನ್ ಜೊತೆಗೆ ಈ ವಿಷಯವನ್ನೂ ಹೇಳಿ. ನಾಯಿ ಬಾಯಲ್ಲಿರೋ ಒಂದು ಬ್ಯಾಕ್ಟೀರಿಯಾ ಗುಲ್ಮ ಇಲ್ಲದವರಿಗೆ ತುಂಬಾ ಅಪಾಯ.