ಶಾಲೆಯ ಶೌಚಾಲಯಕ್ಕೆ ಆ್ಯಸಿಡ್, ಬ್ಲೀಚಿಂಗ್ ಪೌಡರ್ ಎರಡನ್ನೂ ಹಾಕುತ್ತಿದ್ದಾರೆ, ಮಕ್ಕಳಿಗೆ ಅಪಾಯವಿಲ್ಲವೇ?

ಪ್ರಶ್ನೆ: ಎಸ್‌ಡಿಎಂಸಿ ಸದಸ್ಯೆ
ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶೌಚಾಲಯಕ್ಕೆ ಬ್ಲೀಚಿಂಗ್ ಪೌಡರ್ ಉದುರಿಸಿ, ಅದರ ಮೇಲೆಯೇ ಆ್ಯಸಿಡ್ ಸುರಿದು ಉಜ್ಜುತ್ತಾರೆ. ಮೂತ್ರಾಲಯದಲ್ಲಿ ನುಸಿಗುಳಿಗೆ, ತರಗತಿಗೆ ಕಪ್ಪು ಫಿನಾಯಿಲ್. ತೊಳೆದ ಮೇಲೆ ಒಳಗೆ ಹೋದ ಮಕ್ಕಳು ಕೆಮ್ಮುತ್ತಾ ಹೊರಗೆ ಬರುತ್ತಾರೆ. ಬೋರ್‌ವೆಲ್ ನೀರು ಗಡಸು, ಕಟ್ಟಿದ ಕರೆ ಆ್ಯಸಿಡ್ ಇಲ್ಲದೆ ಹೋಗಲ್ಲ ಅನ್ನುತ್ತಾರೆ. ಯಾವುದನ್ನು ನಿಲ್ಲಿಸಬೇಕು, ಬದಲಿಗೆ ಏನು ಮಾಡಬೇಕು?

ಉತ್ತರ: ರಸಾಯನಶಾಸ್ತ್ರ ಉಪನ್ಯಾಸಕ
ಮೊದಲು ನಿಲ್ಲಬೇಕಾದದ್ದು ಆ ಮಿಶ್ರಣ, ಇವತ್ತೇ. ಬ್ಲೀಚಿಂಗ್ ಪೌಡರ್‌ಗೆ ಯಾವ ಆಮ್ಲ ತಾಗಿದರೂ ಕ್ಲೋರಿನ್ ಅನಿಲ ಹೊರಬರುತ್ತದೆ. ಬಾಟಲಿಯಲ್ಲಿ ಬರುವ ಟಾಯ್ಲೆಟ್ ಕ್ಲೀನರ್‌ಗಳಲ್ಲೂ ಸಾಮಾನ್ಯವಾಗಿ ಸುಮಾರು 10% ಹೈಡ್ರೋಕ್ಲೋರಿಕ್ ಆಮ್ಲ ಇರುವುದರಿಂದ ಬ್ರ್ಯಾಂಡ್ ಬದಲಿಸಿದರೆ ಅಪಾಯ ತಪ್ಪುವುದಿಲ್ಲ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಕಿಟಕಿಯಿಲ್ಲದ ಸಣ್ಣ ಶೌಚಾಲಯದಲ್ಲಿ ಅದು ಮೇಲಕ್ಕೆ ಹೋಗದೆ ನೆಲದ ಹತ್ತಿರವೇ ನಿಲ್ಲುತ್ತದೆ. ಕೂತು ಉಜ್ಜುವವರ ಮುಖ, ಕೂತ ಮಗುವಿನ ಮುಖ ಎರಡೂ ಅದೇ ಮಟ್ಟದಲ್ಲಿರುತ್ತವೆ. ಕಣ್ಣು, ಗಂಟಲು ಉರಿದು ಕೆಮ್ಮು ಶುರುವಾಗುತ್ತದೆ. ಹೆಚ್ಚು ಸೇವಿಸಿದ್ದರೆ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಹಾಗಾಗಿ ಕೆಮ್ಮು ನಿಂತಿತೆಂದು ಸುಮ್ಮನಾಗಬಾರದು. ಬಾಯಿಗೆ ಕಟ್ಟಿದ ಬಟ್ಟೆಯಾಗಲಿ, ಸರ್ಜಿಕಲ್ ಮಾಸ್ಕ್ ಆಗಲಿ ಅನಿಲವನ್ನು ತಡೆಯುವುದಿಲ್ಲ.

ಮೂತ್ರ ನಿಂತ ನೆಲಕ್ಕೆ ನೇರ ಬ್ಲೀಚಿಂಗ್ ಹಾಕುವುದೂ ತಪ್ಪೇ. ಮೂತ್ರದ ಅಮೋನಿಯಾ ಜೊತೆ ಸೇರಿ ಕ್ಲೋರಮೀನ್ ಆಗುತ್ತದೆ. ಮೂಗಿಗೆ ಚುಚ್ಚುವ ಆ ಘಾಟನ್ನು ಜನ "ಪೌಡರ್ ಚೆನ್ನಾಗಿ ಕೆಲಸ ಮಾಡ್ತಿದೆ" ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಕ್ಲೋರಿನ್ ಅಷ್ಟರಲ್ಲೇ ವ್ಯರ್ಥವಾಗಿರುತ್ತದೆ, ರೋಗಾಣು ಕೊಲ್ಲಲು ಉಳಿದಿರುವುದಿಲ್ಲ. ಆದ್ದರಿಂದ ಮೊದಲು ಧಾರಾಳವಾಗಿ ನೀರು, ಆಮೇಲೆ ಸೋಪಿನ ನೀರು ಹಾಕಿ ಉದ್ದ ಹಿಡಿಯ ಬ್ರಷ್‌ನಿಂದ ಉಜ್ಜಿ, ಮತ್ತೆ ನೀರು. ಬ್ಲೀಚ್ ಕೊನೆಗೆ, ಅದೂ ದ್ರಾವಣವಾಗಿ.

ಅಳತೆ ಹೀಗೆ: ಹೊಸ ಪೌಡರ್‌ನಲ್ಲಿ ಸುಮಾರು 30% ಕ್ಲೋರಿನ್ ಇದೆಯೆಂದು ಹಿಡಿದರೆ 10 ಲೀಟರ್ ನೀರಿಗೆ 33 ಗ್ರಾಂ ಹಾಕಿದಾಗ 0.1% ದ್ರಾವಣವಾಗುತ್ತದೆ. ದಿನನಿತ್ಯಕ್ಕೆ ಅಷ್ಟು ಸಾಕು. ವಾಂತಿ, ಭೇದಿ ಆದ ಜಾಗಕ್ಕೆ ಮಾತ್ರ ಲೀಟರಿಗೆ 17 ಗ್ರಾಂ. ಒಮ್ಮೆ ಅಂಗಡಿಯ ತಕ್ಕಡಿಯಲ್ಲಿ 33 ಗ್ರಾಂ ತೂಗಿಸಿ, ಅದು ಬರುವ ಮಟ್ಟಕ್ಕೆ ಒಂದು ಪ್ಲಾಸ್ಟಿಕ್ ಲೋಟದ ಮೇಲೆ ಗೆರೆ ಎಳೆದಿಡಿ. ಇಲ್ಲದಿದ್ದರೆ ದಿನಕ್ಕೊಂದು ಅಳತೆ ಆಗುತ್ತದೆ. ಪ್ಲಾಸ್ಟಿಕ್ ಬಕೆಟ್‌ನ ನೀರಿಗೆ ಪುಡಿ ಹಾಕಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ನೀರನ್ನಷ್ಟೇ ಬಳಸಿ. 10 ನಿಮಿಷ ಬಿಟ್ಟು ತೊಳೆಯಿರಿ. ಅಂದು ಕಲಸಿದ್ದು ಅಂದೇ ಮುಗಿಯಬೇಕು. ಬಾಯಿ ತೆರೆದ ಚೀಲದಲ್ಲಿ ತೇವ ಹಿಡಿದ ಪೌಡರ್‌ನಲ್ಲಿ ಕ್ಲೋರಿನ್ ಕಡಿಮೆಯಾಗಿರುತ್ತದೆ. ಅದಕ್ಕೇ ಜನ ಇನ್ನಷ್ಟು ಸುರಿಯುವುದು.

ಉತ್ತರ: ಮಕ್ಕಳ ವೈದ್ಯೆ
ನುಸಿಗುಳಿಗೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನ್ಯಾಫ್ತಲೀನ್ ರೋಗಾಣುಗಳಿಗೆ ಏನೂ ಮಾಡುವುದಿಲ್ಲ, ವಾಸನೆ ಮುಚ್ಚುತ್ತದೆ ಅಷ್ಟೇ. ನೋಡಲು ಪೆಪ್ಪರ್‌ಮಿಂಟ್‌ನಂತಿರುವ ಅದನ್ನು ಚಿಕ್ಕ ಮಗು ಬಾಯಿಗೆ ಹಾಕಿಕೊಂಡರೆ ಕೆಂಪು ರಕ್ತಕಣಗಳು ಒಡೆಯಬಹುದು. ಜಿ-6-ಪಿಡಿ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಇದು ತೀವ್ರ, ಮತ್ತು ಆ ಕೊರತೆ ಇದೆಯೆಂದು ಮನೆಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಒಂದರಿಂದ ಮೂರು ದಿನದೊಳಗೆ ಮುಖ ಬಿಳಚಿಕೊಂಡು, ಕಣ್ಣು ಹಳದಿಯಾಗಿ, ಮೂತ್ರ ಕಡುಗಂದಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರಾಲಯದ ಗುಳಿಗೆಗಳನ್ನೆಲ್ಲ ತೆಗೆಸಿಬಿಡಿ.

ಕಪ್ಪು ಫಿನಾಯಿಲ್‌ನಲ್ಲಿರುವುದು ಕಲ್ಲಿದ್ದಲ ಡಾಂಬರಿನ ಫೀನಾಲ್, ಕ್ರೆಸಾಲ್. ಗಟ್ಟಿಯಾಗಿದ್ದರೆ ಚರ್ಮ ಸುಡುತ್ತದೆ, ಚರ್ಮದ ಮೂಲಕ ದೇಹದೊಳಕ್ಕೂ ಇಳಿಯುತ್ತದೆ. ನಲಿಕಲಿ ಕೊಠಡಿಯಲ್ಲಿ ಮಕ್ಕಳು ನೆಲದ ಮೇಲೆ ಕೂತು, ಅದೇ ಕೈಯಲ್ಲಿ ಊಟಕ್ಕೂ ಹೋಗುತ್ತಾರೆ. ಅಲ್ಲಿಗೆ ಸೋಪಿನ ನೀರಿನಲ್ಲಿ ಒರೆಸಿದರೆ ಸಾಕು, ಶಾಲೆ ಬಿಟ್ಟ ಮೇಲೆ ಕಿಟಕಿ ತೆರೆದಿಟ್ಟು. ಆಸ್ತಮಾ ಇರುವ ಮಕ್ಕಳಿಗೆ ಸ್ಪ್ರೇ ಅತಿ ಕೆಟ್ಟದ್ದು, ಸಣ್ಣ ಹನಿಗಳು ನೇರ ಉಸಿರಿಗೆ ಹೋಗುತ್ತವೆ. ದ್ರಾವಣವನ್ನು ಬಟ್ಟೆಗೆ ಹಾಕಿ ಒರೆಸಲಿ.

ಉತ್ತರ: ಕಟ್ಟಡ ನಿರ್ವಹಣೆಯ ಮೇಲ್ವಿಚಾರಕ
ಗಡಸು ನೀರಿನ ಕರೆಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಚೆನ್ನಾಗಿ ಕೆಲಸ ಮಾಡುತ್ತದೆ. ಲೀಟರ್ ಬಿಸಿನೀರಿಗೆ 100 ಗ್ರಾಂ. ಬೇಸಿನ್‌ನ ಇಳಿಜಾರಿನಲ್ಲಿ ದ್ರಾವಣ ನಿಲ್ಲುವುದಿಲ್ಲ, ಹಾಗಾಗಿ ಹಳೇ ಬಟ್ಟೆಯನ್ನು ಅದರಲ್ಲಿ ಅದ್ದಿ ಕರೆಯ ಮೇಲೆ ಹಾಸಿಡಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹಾಸಿ, ಬಾಗಿಲಿಗೆ ಬೀಗ ಹಾಕಿ, ಒಂದೆರಡು ಗಂಟೆ ಬಿಟ್ಟು ನೈಲಾನ್ ಬ್ರಷ್‌ನಲ್ಲಿ ಉಜ್ಜಿ. ದಪ್ಪ ಕರೆಗೆ ಎರಡು ಮೂರು ವಾರ ಹಿಡಿಯಬಹುದು. ಇದೂ ಆಮ್ಲವೇ, ಅಂದು ಬ್ಲೀಚ್ ಮುಟ್ಟಬೇಡಿ.

ಲೂಸ್ ಆ್ಯಸಿಡ್ ಟೈಲ್ಸ್ ಸಂದಿನ ಸಿಮೆಂಟನ್ನು ತಿನ್ನುತ್ತದೆ. ಆ ಸಂದಿಗೆ ಮೂತ್ರ ಇಳಿದು ವಾಸನೆ ಹೆಚ್ಚುತ್ತದೆ, ವಾಸನೆಗೆಂದು ಮತ್ತೆ ಆ್ಯಸಿಡ್. ಸಂದಿ ತುಂಬಿಸದೆ ಏನು ಸುರಿದರೂ ದಂಡ. ಇನ್ನೊಂದು: 2013ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಆ್ಯಸಿಡ್ ಇಟ್ಟುಕೊಳ್ಳುವ ಶಿಕ್ಷಣ ಸಂಸ್ಥೆ ಬಳಕೆಯ ರಿಜಿಸ್ಟರ್ ಇಡಬೇಕು, ಒಬ್ಬರು ಅದಕ್ಕೆ ಹೊಣೆಯಾಗಿರಬೇಕು. ಮುಖ್ಯ ಶಿಕ್ಷಕರ ಮುಂದೆ ಇದನ್ನೇ ಎತ್ತಿ.

ಪ್ರಶ್ನೆ ಕೇಳಿದವರು
ಉಪಕಾರವಾಯಿತು. ಫಿನಾಯಿಲ್‌ಅನ್ನು ಹಳೇ ನೀರಿನ ಬಾಟಲಿಗೆ ತುಂಬಿ ಬಿಸಿಯೂಟದ ದಾಸ್ತಾನು ಕೋಣೆಯಲ್ಲಿ ಇಡುತ್ತಾರೆ. ಮಗು ಕುಡಿದುಬಿಟ್ಟರೆ?

ಉತ್ತರ: ಮಕ್ಕಳ ವೈದ್ಯೆ
ಆ ಬಾಟಲಿಯನ್ನು ನಾಳೆಯೇ ಅಲ್ಲಿಂದ ತೆಗೆಸಿ. ಮೂಲ ಡಬ್ಬಿಯಲ್ಲೇ, ಅಡುಗೆ ಕೋಣೆಯಿಂದ ದೂರ, ಬೀಗ ಹಾಕಿದ ಬೀರುವಿನಲ್ಲಿರಲಿ. ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಸುಟ್ಟ ಗಂಟಲು ಎರಡನೇ ಸಲ ಸುಡುತ್ತದೆ, ಫಿನಾಯಿಲ್ ಶ್ವಾಸಕೋಶಕ್ಕೂ ಇಳಿಯಬಹುದು. ಬಾಯಿ ಮುಕ್ಕಳಿಸಿ ಉಗುಳಿಸಿ, 108ಕ್ಕೆ ಕರೆ ಮಾಡಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು 15ರಿಂದ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಆಮೇಲೆ ಹೊರಡಿ. ಆಸ್ಪತ್ರೆಗೆ ಹೋಗುವಾಗ ಡಬ್ಬಿ ಜೊತೆಗಿರಲಿ, ಕಪ್ಪು ಫಿನಾಯಿಲ್ಲೋ ಬಿಳಿಯದ್ದೋ ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ.